ಆಟೋ ಟೂಲ್ ರೂಮಿನಿಂದ ವಿಮಾನದ ಬಿಡಿಭಾಗಕ್ಕೆ: ಯಾವ ಅನುಭವ ನಡೆಯುತ್ತದೆ, ಯಾವುದು ನಡೆಯುವುದಿಲ್ಲ

ಪ್ರಶ್ನೆ: ಪೀಣ್ಯದಲ್ಲಿ 14 ವರ್ಷದಿಂದ ಟೂಲ್ ಅಂಡ್ ಡೈ ಮೇಕರ್ ಆಗಿದ್ದೇನೆ. ಆಟೋ ಬಿಡಿಭಾಗಕ್ಕೆ ತಗಡು ಒತ್ತಿ ರೂಪ ಕೊಡುವ ಅಚ್ಚು (ಪ್ರೆಸ್ ಟೂಲ್, ಡೈ) ಮಾಡುವ ಕೆಲಸ. ಏರೋಸ್ಪೇಸ್‌ಗೆ ಹೋದರೆ ಸೊನ್ನೆಯಿಂದ ಶುರು ಮಾಡಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ಸುಳ್ಳು. ತಿಂಗಳು ತಿಂಗಳೂ ಇದೇ ಪ್ರಶ್ನೆ ಬರುತ್ತಿದೆ. ನಿಮ್ಮನ್ನು ಹೆದರಿಸಿ ಕಡಿಮೆ ಸಂಬಳಕ್ಕೆ ಒಪ್ಪಿಸುವವರ ಮಾತು ಅದು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚ್ ತಯಾರಿಕೆಗೆ ಇಳಿಯಿತು. 1984ರಲ್ಲಿ ಟೈಟನ್ ಶುರುವಾದಾಗ ಎಚ್‌ಎಂಟಿಯಲ್ಲಿ ಪಳಗಿದ ಹಲವರು ಅಲ್ಲಿಗೆ ಹೋದರು. ಅದೇ ಟೈಟನ್ ಮುಂದೆ ವಿಮಾನದ ಬಿಡಿಭಾಗವನ್ನೂ ಮಾಡಿತು. ಯಾರೂ ಸೊನ್ನೆಯಿಂದ ಶುರು ಮಾಡಲಿಲ್ಲ.

ತೆಳು ಗೋಡೆಯ ಜಾಬನ್ನು, ಅಂದರೆ ಮಷಿನ್ ಮೇಲಿರುವ ಲೋಹದ ತುಂಡನ್ನು, ಎಲ್ಲಿ ಹಿಡಿದರೆ ಬಾಗುತ್ತದೆ, ಯಾವ ಮುಖ ಮೊದಲು ಮಿಲ್ಲಿಂಗ್ ಆಗಬೇಕು, ಟೂಲ್ ಮೊಂಡಾದರೆ ಸದ್ದು ಹೇಗೆ ಬದಲಾಗುತ್ತದೆ, ಇದೆಲ್ಲ ನಿಮಗೆ ಗೊತ್ತಿದೆ, ಅಲ್ವಾ? ಅದು ಅಲ್ಲೂ ನಡೆಯುತ್ತದೆ. ಟೈಟೇನಿಯಂಗೆ ಮಾತ್ರ ಸ್ಟೀಲಿನ ಸ್ಪೀಡ್ ಲೆಕ್ಕ ಬೇಡ. ಅದರಲ್ಲಿ ಶಾಖ ಬೇಗ ಹರಿದು ಹೋಗುವುದಿಲ್ಲ, ಟೂಲಿನ ಅಂಚಿನಲ್ಲೇ ನಿಲ್ಲುತ್ತದೆ. ಸ್ಪೀಡ್ ಇಳಿಸಿ, ಕೂಲೆಂಟ್ ಜಾಸ್ತಿ ಬಿಡಿ. ಟೂಲ್ ಕತ್ತರಿಸುತ್ತಲೇ ಇರಬೇಕು, ಸುಮ್ನೆ ಉಜ್ಜುತ್ತಾ ನಿಲ್ಲಬಾರದು.

ಕಷ್ಟ ಬೇರೆ ಕಡೆ ಇದೆ. ಡೈ ಮೂಲೆ ಚಕ್ಕೆ ಎದ್ದರೆ ವೆಲ್ಡ್ ತುಂಬಿ, ಗ್ರೈಂಡ್ ಮಾಡಿ, ಬೆಳಗಾಗುವಷ್ಟರಲ್ಲಿ ಪ್ರೆಸ್ಸಿಗೆ ಏರಿಸಿದವನೇ ನಿಮ್ಮಲ್ಲಿ ಜಾಣ. ವಿಮಾನದ ಭಾಗದ ಮೇಲೆ ಹೇಳದೆ ಕೇಳದೆ ಒಂದು ಗೀರು ತಿಕ್ಕಿದರೂ ತಪ್ಪೇ. ಲೋಹದ ಹೀಟ್ ನಂಬರ್ (ಯಾವ ಬಾರಿ ಕರಗಿಸಿದ ಲೋಹ ಎಂಬ ಗುರುತು), ಮಷಿನ್, ಆಪರೇಟರ್, ಎಲ್ಲ ದಾಖಲೆಯಲ್ಲಿರಬೇಕು. ಅಳತೆ ಸರಿಯಿದ್ದರೂ ದಾಖಲೆ ಇಲ್ಲದ ಪೀಸನ್ನು ವಿಮಾನಕ್ಕೆ ಹಾಕುವುದಿಲ್ಲ. ಒಳ್ಳೊಳ್ಳೆ ಕೈಗಳು ಎಡವುವುದು ಇಲ್ಲೇ. ರಿಪೇರಿ ಮಾಡುವ ಮೊದಲು ಬರೆದಿಟ್ಟು, ಒಪ್ಪಿಗೆ ಕೇಳುವ ಅಭ್ಯಾಸವನ್ನು ಈಗಿನ ಕೆಲಸದಲ್ಲೇ ಶುರು ಮಾಡಿ.

ಇಂಟರ್‌ವ್ಯೂನಲ್ಲಿ ವರ್ಷದ ಲೆಕ್ಕ ಒಪ್ಪಿಸಬೇಡಿ. ನೀವು ಹಿಡಿದ ಅತಿ ಬಿಗಿಯಾದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಎಷ್ಟು, ಅದನ್ನು ಯಾವುದರಿಂದ ಅಳೆದಿರಿ ಎಂದು ಹೇಳಿ. ಆಫರ್ ಲೆಟರ್ ಕೈಗೆ ಬರುವ ತನಕ ಇರುವ ಕೆಲಸ ಬಿಡಬೇಡಿ. ಬಾಯಿಮಾತಿನ ಭರವಸೆ ನಾನಂತೂ ನಂಬುವುದಿಲ್ಲ.

ಪ್ರಶ್ನೆ: 15 ದಿನದ ಏರೋಸ್ಪೇಸ್ ಕೋರ್ಸ್, 60 ಸಾವಿರ ಫೀಸು, ಕೆಲಸ ಗ್ಯಾರಂಟಿ ಅಂತೆ. ಸೇರಲೇ?

ಉತ್ತರ: ಬೇಡವೇ ಬೇಡ. ಮಷಿನ್ ಮುಟ್ಟಿಸದೆ ಪರದೆಯಲ್ಲಿ ಚಿತ್ರ ತೋರಿಸಿ ಸರ್ಟಿಫಿಕೇಟ್ ಕೊಡುವುದು ಹಗಲು ದರೋಡೆ. ಸರ್ಕಾರದ ಜಿಟಿಟಿಸಿ (ಗವರ್ನಮೆಂಟ್ ಟೂಲ್ ರೂಮ್ ಅಂಡ್ ಟ್ರೈನಿಂಗ್ ಸೆಂಟರ್) 1972ರಿಂದ ಟೂಲ್ ಮೇಕರ್‌ಗಳನ್ನು ತಯಾರು ಮಾಡುತ್ತಿದೆ. ಮೊದಲು ಅಲ್ಲಿ ವಿಚಾರಿಸಿ.

ಪ್ರಶ್ನೆ: ಹಳೇ ಕಂಪನಿಯ ಡ್ರಾಯಿಂಗ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದಾ?

ಉತ್ತರ: ಅದು ಕಳ್ಳತನ. ಈ ಪ್ರಶ್ನೆಯನ್ನು ಇನ್ನೊಮ್ಮೆ ಕಳಿಸಬೇಡಿ.