ಹಿಮಕರಡಿ ಮತ್ತು ಕಂಬಳಿಹುಳು: ಚಳಿ ತಾಳುವ ಶಕ್ತಿ ಯಾವುದಕ್ಕೆ ಹೆಚ್ಚು?

ಪ್ರಶ್ನೆ: ಉತ್ತರ ಧ್ರುವ ಪ್ರದೇಶದ ಪುಟ್ಟ ಪತಂಗವೊಂದರ ಕಂಬಳಿಹುಳು ಹಿಮಕರಡಿಗಿಂತಲೂ ಹೆಚ್ಚು ಚಳಿಯನ್ನು ತಾಳಿಕೊಳ್ಳುತ್ತದೆ ಎಂದು ಓದಿದೆ. ಕರಡಿಗಿರುವ ದಪ್ಪ ಕೊಬ್ಬಾಗಲಿ ಬಿಸಿರಕ್ತವಾಗಲಿ ಇಲ್ಲದ ಹುಳುವಿಗೆ ಇದು ಹೇಗೆ ಸಾಧ್ಯ? ಇಂಥ ಹೋಲಿಕೆ ಸರಿಯೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀವು ಓದಿರುವುದು ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಉತ್ತರ ತುದಿಯ ದ್ವೀಪಗಳಲ್ಲಿ ಕಾಣಸಿಗುವ ಗೈನೆಫೋರಾ ಗ್ರೋನ್‌ಲ್ಯಾಂಡಿಕಾ ಎಂಬ ಪತಂಗದ ವಿಷಯವಿರಬೇಕು. ಇದರ ಮರಿಹುಳು ಮೈನಸ್ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಶೈತ್ಯದಲ್ಲಿಯೂ ಬದುಕುಳಿಯಬಲ್ಲದು ಎಂಬುದು ನಿಜ. ಆದರೆ ‘ತಾಳಿಕೊಳ್ಳುವುದು’ ಎಂದರೆ ಎರಡೂ ಪ್ರಾಣಿಗಳು ಮಾಡುವುದು ಒಂದೇ ಕೆಲಸವಲ್ಲ. ಕರಡಿ ಚಳಿಯನ್ನು ಮೈಯೊಳಗೆ ಬಿಟ್ಟುಕೊಳ್ಳುವುದೇ ಇಲ್ಲ, ಹುಳು ಅದನ್ನು ಒಳಗೆ ಬಿಟ್ಟುಕೊಂಡೇ ಬದುಕುತ್ತದೆ.

600 ಕಿಲೊವನ್ನೂ ಮೀರಿ ತೂಗಬಲ್ಲ ಗಂಡು ಹಿಮಕರಡಿ, ಹೊರಗೆ ಮೈನಸ್ 40 ಡಿಗ್ರಿ ಇದ್ದರೂ ತನ್ನ ದೇಹವನ್ನು ಸುಮಾರು 37 ಡಿಗ್ರಿಯಲ್ಲೇ ಇರಿಸಿಕೊಳ್ಳುತ್ತದೆ. ಒತ್ತಾದ ತುಪ್ಪಳ, ಅದರಡಿಯ ಕಪ್ಪು ಚರ್ಮ, ಕೆಲವೆಡೆ 10 ಸೆಂಟಿಮೀಟರಿನಷ್ಟು ದಪ್ಪವಿರುವ ಕೊಬ್ಬಿನ ಪದರ ಇವೆಲ್ಲ ಅದಕ್ಕೆ ನೆರವಾಗುತ್ತವೆ. ಎಷ್ಟರಮಟ್ಟಿಗೆ ಎಂದರೆ, ಸ್ವಲ್ಪ ದೂರ ಓಡಿದರೂ ಅದಕ್ಕೆ ಸೆಕೆಯಾಗಿ ನಿಲ್ಲಬೇಕಾಗುತ್ತದೆ. ಇದಕ್ಕೆ ದೇಹದ ಗಾತ್ರವೂ ಕಾರಣ. ದೇಹ ದೊಡ್ಡದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಹೊರಮೈಯ ಪಾಲು ಕಡಿಮೆಯಾಗುವುದರಿಂದ ಶಾಖ ನಿಧಾನವಾಗಿ ಸೋರುತ್ತದೆ. ಕಿರುಬೆರಳಿಗಿಂತ ಚಿಕ್ಕದಾದ ಹುಳು ಇದೇ ದಾರಿ ಹಿಡಿದರೆ, ತಿಂದದ್ದನ್ನೆಲ್ಲ ಉರಿಸಿದರೂ ಆ ಚಳಿಗಾಲದ ಒಂದು ರಾತ್ರಿಯನ್ನೂ ಬೆಚ್ಚಗೆ ಕಳೆಯಲಾರದು.

ಆದ್ದರಿಂದ ಹುಳು ಬೆಚ್ಚಗಿರುವ ಪ್ರಯತ್ನವನ್ನೇ ಕೈಬಿಟ್ಟಿದೆ. ಬೇಸಿಗೆಯ ನಡುವಿನಲ್ಲೇ ಅದು ಕಲ್ಲಿನ ಸಂದಿಯಲ್ಲೋ ಗಿಡದ ಬುಡದಲ್ಲೋ ರೇಷ್ಮೆಯ ತೆಳು ಗೂಡು ನೇಯ್ದುಕೊಂಡು ಒಳಗೆ ಸೇರುತ್ತದೆ. ಆಮೇಲೆ ಅದರ ದೇಹದಲ್ಲಿ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಔಷಧದ ಅಂಗಡಿಯಲ್ಲಿ ನಾವು ಕೊಳ್ಳುವ ಗ್ಲಿಸರಿನ್ ಕೂಡ ಇದೇ ವಸ್ತು. ಚಳಿ ಹೆಚ್ಚಿದಾಗ ಜೀವಕೋಶಗಳ ಹೊರಗಿನ ದ್ರವ ಮಂಜುಗಡ್ಡೆಯಾದರೂ, ಗ್ಲಿಸರಾಲ್ ಇರುವುದರಿಂದ ಕೋಶಗಳ ಒಳಗೆ ಹಿಮದ ಹರಳುಗಳು ಮೂಡಿ ಅವುಗಳನ್ನು ಸೀಳುವುದು ತಪ್ಪುತ್ತದೆ. ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳನ್ನು ಕೂಡ ಹುಳು ಚಳಿಗಾಲಕ್ಕೆ ಮುನ್ನ ಕಳಚಿಹಾಕಿ, ಮಂಜು ಕರಗಿದ ಮೇಲೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ವಿಸ್ಮಯಕರವೆನಿಸುವುದು ಮೈನಸ್ 70ರ ಅಂಕಿಗಿಂತ ಈ ಸಂಗತಿಯೇ.

ಹುಳುವಿನ ಮೈಮೇಲಿನ ಕೂದಲು ಹಾಗಾದರೆ ಯಾತಕ್ಕೆ ಎಂದು ನೀವು ಕೇಳಬಹುದು. ಅದು ಬೇಸಿಗೆಯ ಸಲಕರಣೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗದೆ ಇರುವಾಗ ಹುಳು ಎಚ್ಚರವಾಗಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚನ್ನು ಬಿಸಿಲಿಗೆ ಮೈಯೊಡ್ಡಿ ಕಳೆಯುತ್ತದೆ, ಮತ್ತು ಆ ಕೂದಲು ಕಾದ ಗಾಳಿಯನ್ನು ಮೈಗೆ ಹತ್ತಿರವಾಗಿ ಹಿಡಿದಿಡುತ್ತದೆ. ಅಷ್ಟು ಬಿಸಿಯಾಗದಿದ್ದರೆ ತಿಂದ ಎಲೆ ಜೀರ್ಣವಾಗುವುದೇ ಕಷ್ಟ. ಅದರ ಮುಖ್ಯ ಆಹಾರವೋ ನೆಲಕ್ಕೆ ಅಂಟಿಕೊಂಡು ಬೆಳೆಯುವ ಆರ್ಕ್ಟಿಕ್ ವಿಲ್ಲೋ ಗಿಡದ ಎಳೆಯ ಎಲೆ. ವರ್ಷಕ್ಕೆ ಕೆಲವೇ ವಾರ ಮೇಯುವ ಈ ಹುಳು ಪತಂಗವಾಗಲು ಹಲವು ವರ್ಷ ಬೇಕು. ಮೊದಲು 14 ವರ್ಷ ಎಂದು ಲೆಕ್ಕಹಾಕಿದ್ದರು, ಆನಂತರದ ಅಧ್ಯಯನಗಳು ಅದನ್ನು ಸುಮಾರು 7ಕ್ಕೆ ಇಳಿಸಿವೆ. ಕೊನೆಗೆ ರೆಕ್ಕೆ ಬಂದ ಪತಂಗ ಏನನ್ನೂ ತಿನ್ನದೆ, ಕೂಡಿ, ಮೊಟ್ಟೆಯಿಟ್ಟು ಅದೇ ಬೇಸಿಗೆಯಲ್ಲಿ ಸಾಯುತ್ತದೆ.

ಆಹಾರದ ಕಾಲದಲ್ಲಿಯೂ ಇವೆರಡು ಎದುರುಬದುರು. ಸೀಲ್‌ಗಳನ್ನು ಬೇಟೆಯಾಡಲು ಹಿಮಕರಡಿಗೆ ಹೆಪ್ಪುಗಟ್ಟಿದ ಸಮುದ್ರ ಬೇಕು. ಆದ್ದರಿಂದ ಹಡ್ಸನ್ ಕೊಲ್ಲಿಯಂಥ ಕಡೆ ಬೇಸಿಗೆಯಲ್ಲಿ ಮಂಜು ಕರಗಿದಾಗ ಅದು ದಡ ಸೇರಿ ತಿಂಗಳುಗಟ್ಟಲೆ ಬಹುಮಟ್ಟಿಗೆ ಉಪವಾಸವಿರುತ್ತದೆ. ಚಳಿಗಾಲದಲ್ಲಿ ಗುಹೆ ಸೇರಿ ಮಲಗುವುದು ಗರ್ಭಿಣಿ ಕರಡಿ ಮಾತ್ರ. ಅಲ್ಲಿಯೂ ಅದು ಹೆಪ್ಪುಗಟ್ಟುವುದಿಲ್ಲ, ತನ್ನ ಕೊಬ್ಬನ್ನೇ ಕರಗಿಸಿ ಮರಿಗಳಿಗೆ ಹಾಲೂಡಿಸುತ್ತಿರುತ್ತದೆ.