ಒಂದೇ ಆಲ್ಬಮ್‌ನ ಹಾಡುಗಳು ಪ್ಲೇಯರ್‌ನಲ್ಲಿ ಬೇರೆ ಬೇರೆ ಆಲ್ಬಮ್ ಆಗಿ ಕಾಣುತ್ತಿವೆ. ಫೈಲ್ ಹೆಸರು ಬದಲಿಸಿದರೂ ಸರಿಹೋಗಲಿಲ್ಲ. ಯಾಕೆ?

ಹೆಚ್ಚಿನ ಪ್ಲೇಯರ್‌ಗಳು ಹಾಡುಗಳನ್ನು ಜೋಡಿಸುವುದು ಫೈಲ್ ಹೆಸರು ನೋಡಿ ಅಲ್ಲ, ಫೈಲ್ ಒಳಗಿರುವ ಟ್ಯಾಗ್ ನೋಡಿ, ಅಂದರೆ ಹಾಡು, ಗಾಯಕರು, ಆಲ್ಬಮ್‌ನ ಹೆಸರು ಬರೆದಿಟ್ಟ ಮಾಹಿತಿ ನೋಡಿ. ಹೆಸರು ಬದಲಿಸಿದರೆ ಟ್ಯಾಗ್ ಬದಲಾಗುವುದಿಲ್ಲ, ಅಲ್ವಾ?

ಬಹುಶಃ ನಿಮ್ಮ ಹಾಡುಗಳ ಟ್ಯಾಗ್‌ನಲ್ಲಿ ‘ಆಲ್ಬಮ್ ಆರ್ಟಿಸ್ಟ್’ (ಇಡೀ ಆಲ್ಬಮ್‌ಗೆ ಒಂದೇ ಹೆಸರು ಬರೆಯುವ ಜಾಗ) ಖಾಲಿ ಇದೆ. ಆಲ್ಬಮ್‌ನಲ್ಲಿ ಐದಾರು ಗಾಯಕರಿದ್ದರೆ ‘ಆರ್ಟಿಸ್ಟ್’ ಪ್ರತಿ ಹಾಡಿಗೂ ಬೇರೆ ಇರುತ್ತದೆ. ಆಗ ಎಷ್ಟೋ ಪ್ಲೇಯರ್‌ಗಳು ಒಬ್ಬೊಬ್ಬ ಗಾಯಕರಿಗೆ ಒಂದೊಂದು ಆಲ್ಬಮ್ ಮಾಡಿಬಿಡುತ್ತವೆ. ಮೊದಲು ಫೋಲ್ಡರ್‌ನ ಒಂದು ನಕಲು ಇಟ್ಟುಕೊಳ್ಳಿ. ಆಮೇಲೆ ಕಿಡ್3 ಅಥವಾ ಪಿಕಾರ್ಡ್‌ನಂಥ ಉಚಿತ ತಂತ್ರಾಂಶದಲ್ಲಿ ಎಲ್ಲ ಹಾಡುಗಳನ್ನೂ ಒಟ್ಟಿಗೆ ಆರಿಸಿ, ‘ಆಲ್ಬಮ್ ಆರ್ಟಿಸ್ಟ್’ಗೆ ಒಂದೇ ಹೆಸರು ಕೊಡಿ. ಸಂಗೀತ ನಿರ್ದೇಶಕರದ್ದಾದರೂ ಸರಿ. ‘ಆರ್ಟಿಸ್ಟ್’ ಮಾತ್ರ ದಯವಿಟ್ಟು ಮುಟ್ಟಬೇಡಿ. ಹಾಡಿದವರ ಹೆಸರು ಹಾಡಿನ ಜೊತೆಗೇ ಇರಬೇಕು. ಆಲ್ಬಮ್ ಹೆಸರಿನಲ್ಲಿ ಒಂದು ಸ್ಪೇಸ್ ಜಾಸ್ತಿ ಇದ್ದರೂ ಅದು ಬೇರೆ ಆಲ್ಬಮ್ ಆಗಬಹುದು, ಅದನ್ನೂ ನೋಡಿ.

ಎಂಪಿ3ಗಳಲ್ಲಿ ಹೆಸರು ಅರ್ಧಕ್ಕೇ ತುಂಡಾಗಿದ್ದರೆ ಅದು ಐಡಿ3 ಎಂಬ ಎಂಪಿ3 ಟ್ಯಾಗ್ ಮಾದರಿಯ 1996ರ ಹಳೆಯ ಆವೃತ್ತಿ ಇರಬಹುದು. ಅದರಲ್ಲಿ ಹಾಡಿನ ಹೆಸರಿಗೆ ಬರೀ 30 ಬೈಟ್ ಜಾಗ. ಕನ್ನಡ ಲಿಪಿಯಂತೂ ಅದರಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಸೇವ್ ಮಾಡುವಾಗ ಅದರ ನಂತರದ ಆವೃತ್ತಿ ಐಡಿ3 2.3 ಆರಿಸಿ, ಅಕ್ಷರಗಳಿಗೆ ಯೂನಿಕೋಡ್ (ಕನ್ನಡದಂಥ ಲಿಪಿಗಳಿಗೂ ಹೊಂದುವ ವ್ಯವಸ್ಥೆ) ಇಡಿ. ಕೊನೆಗೆ ಪ್ಲೇಯರ್‌ನಲ್ಲಿ ಲೈಬ್ರರಿಯನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ.