ಅಜ್ಜಿಗಾಗಿ ಹೇಗೆ ಪ್ರಾರ್ಥಿಸಲಿ?

ಪ್ರಶ್ನೆ: ಹಾಸಿಗೆ ಹಿಡಿದಿರುವ ನೆರೆಮನೆಯ ಅಜ್ಜಿಗಾಗಿ ಪ್ರಾರ್ಥಿಸಲು ಕುಳಿತರೆ ಎರಡೇ ಮಾತಿಗೆ ಮುಗಿದುಹೋಗುತ್ತದೆ. ಹೇಗೆ ಕಲಿಯಲಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಎರಡು ಮಾತು ಕಡಿಮೆಯೇನಲ್ಲ. ಬೈಬಲಿನಲ್ಲಿರುವ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು, ಜನಸಂದಣಿಯಿಂದಾಗಿ ಒಳಹೋಗಲಾಗದೆ, ಮಾಳಿಗೆಯನ್ನೇ ಬಿಚ್ಚಿ ಅವನನ್ನು ಹಾಸಿಗೆಸಮೇತ ಯೇಸುವಿನ ಮುಂದೆ ಇಳಿಸುತ್ತಾರೆ. ಅವರಾಡಿದ ಒಂದು ಮಾತೂ ಅಲ್ಲಿಲ್ಲ, ಆದರೂ ಯೇಸು ಅವರ ನಂಬಿಕೆಯನ್ನು ಕಂಡರೆಂದು ಬರೆದಿದೆ. ಪರರಿಗಾಗಿ ಪ್ರಾರ್ಥಿಸುವುದೆಂದರೆ ಹೀಗೆ ಹೊತ್ತು ತರುವುದೆಂದೇ ನಾನು ನಂಬಿದ್ದೇನೆ. ಮಾತು ಹೊರಡದಿದ್ದರೆ ಅಜ್ಜಿಯ ಹೆಸರು ಹೇಳಿ ಮೌನವಾಗಿ ಕುಳಿತುಕೊಳ್ಳಿ. ಆಗ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆಂದು ಬೈಬಲಿನಲ್ಲೇ ಇರುವ, ರೋಮಾಪುರದವರಿಗೆ ಬರೆದ ಪತ್ರ (8:26) ಹೇಳುತ್ತದೆ. ನಾಳೆ ಅವರ ಮನೆಗೆ ಹೋಗಿ, ಮಳೆಗಾಲದ ರಾತ್ರಿ ಕಾಡುವುದು ಮಂಡಿನೋವೋ, ಕಾಫಿ ತೋಟಕ್ಕೆ ಹೋದ ಮಗಳು ಬರುವವರೆಗಿನ ಒಂಟಿತನವೋ ಎಂದು ಕೇಳಿ ತಿಳಿದು, ಅದನ್ನೇ ದೇವರ ಮುಂದಿಡಿ.